ಉಪವಾಸ ಕೂತ ತಟ್ಟೆಗಳು

ನಾರ್ವಾದಲ್ಲಿ ಜನವರಿ. ನದಿಯ ಅಂಚೆಲ್ಲ ಹೆಪ್ಪು.
ತೈಸಿಯಾ ಐದನೆಯ ಮಹಡಿಗೆ ಹೊತ್ತು ತಂದಳು
ಒಂದು ಥರ್ಮೊಕೋಲ್ ಪೆಟ್ಟಿಗೆ,
ತನ್ನ ಕೋಟು ಬಿಚ್ಚಿ ಅದಕ್ಕೆ ಹೊದಿಸಿ
ತಾನು ಸ್ವೆಟರಿನಲ್ಲೇ ಗಡಗಡ.
ಒಳಗೆ ಆರು ಚೀಲ, ಆರು ಡಿಸ್ಕಸ್ ಮೀನು:
ಅಂಗೈಯಗಲದ ತಟ್ಟೆಗಳು,
ನೆಟ್ಟಗೆ ನಿಲ್ಲಿಸಿ
ಯಾರೋ ನೀಲಿಯಲ್ಲಿ ಗೀಚಿ ಗೀಚಿ ಬಿಟ್ಟಂಥವು.

ಕೊಟ್ಟವನು ಇನ್ನೊಕೆಂತಿ. ಎಪ್ಪತ್ತೊಂದರಲ್ಲಿ ಮದುವೆಯಾದ,
ಹೊಸ ಹೆಂಡತಿಗೆ ಮೂರು ಬೆಕ್ಕು.
ಕರೆಂಟು ಬಿಲ್ಲಿನ ಬೆನ್ನಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದ:
ನೀರು ಇಪ್ಪತ್ತೊಂಬತ್ತು ಡಿಗ್ರಿ.
ದೀಪ ಬೇಡ.
ಮೊದಲ ದಿನ ಊಟ ಬೇಡ.
ಗಾಬರಿ ಬೇಡ.

ಮೊದಲ ಮೂರನ್ನು ಅಕ್ಷರಶಃ ಪಾಲಿಸಿದಳು.

ಬಕೆಟ್ಟಿಗೆ ಹನಿಹನಿಯಾಗಿ ತೊಟ್ಟಿಯ ನೀರು ಇಳಿಸಿದಳು,
ಒಂದು ಗಂಟೆ, ಮೊಣಕಾಲೂರಿ.
ಕಿಟಕಿಗೆ ಕಂಬಳಿ ಕಟ್ಟಿದಳು.
ಮಾರನೆಯ ದಿನ ನೋಡಿದರೆ ನೀಲಿ ಎಲ್ಲಿ?
ಆರೂ ಮಸಿ ಬಳಿದುಕೊಂಡು ಹೀಟರಿನ ಹಿಂದೆ,
ಮೈಮೇಲೆ ಕಪ್ಪು ಪಟ್ಟೆ ಎದ್ದು,
ಒಂದರ ಬೆನ್ನಿಗೊಂದು, ಮುನಿದ ಮನೆಯವರ ಹಾಗೆ.

ರಕ್ತಹುಳು ಕರಗಿಸಿ ಹಾಕಿದಳು. ಕೆಂಪು ಎಳೆಗಳು
ಮೂತಿಯ ಮುಂದೆಯೇ ಇಳಿದವು, ಮರಳು ಸೇರಿದವು.
ಒಂದು ಬಾಯಿಗಿಟ್ಟುಕೊಂಡಿತು.
ಉಗುಳಿತು.
ಉಳಿದದ್ದನ್ನು ಕೊಳವೆಯಲ್ಲಿ ಎಳೆದಳು, ನೀರು ಬದಲಿಸಿದಳು,
ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿ ನೋಡಿ,
ಎಳೆಗೂಸಿಗೆ ಎರೆಯುವ ಹದಕ್ಕೆ.

ನಾಲ್ಕನೆಯ ದಿನ ಮಾರುಕಟ್ಟೆಯಲ್ಲಿ ದನದ ಗುಂಡಿಗೆ ಕೇಳಿದಳು.
‘ಎಷ್ಟು ಜನಕ್ಕೆ?’ ಎಂದ ಕಟುಕ.
‘ಆರು. ಆದರೆ ಯಾರೂ ತಿನ್ನುತ್ತಿಲ್ಲ.’
ಕೊಬ್ಬು ಬಿಡಿಸಿ, ನರ ಬಿಡಿಸಿ,
ಪಾಲಕ್, ಒಂದೆಸಳು ಬೆಳ್ಳುಳ್ಳಿ, ಮಿಕ್ಸಿ.
ರಾತ್ರಿ ಪಾಳಿಗೆ ಬೇಕರಿಗೆ ಹೋದಾಗ
ಕೈಯಲ್ಲಿನ್ನೂ ಗುಂಡಿಗೆಯ ವಾಸನೆ.
ಅಲ್ಲಿ ಹೊಸ ಹುಡುಗಿಯೊಬ್ಬಳು
ಹಿಟ್ಟು ಉಬ್ಬಿತೋ ಇಲ್ಲವೋ ಎಂದು ಬಟ್ಟೆ ಎತ್ತಿ ಎತ್ತಿ ನೋಡುತ್ತಿದ್ದಳು.
ತೈಸಿಯಾ ಗದರಿದಳು: ‘ಮುಚ್ಚು. ಅದರ ಪಾಡಿಗೆ ಬಿಡು.’
ಬೆಳಿಗ್ಗೆ ಮನೆಗೆ ಬಂದವಳೇ
ಗಾಜಿಗೆ ಮೂಗು ಒತ್ತಿ ಕುಳಿತಳು.

ಆರನೆಯ ದಿನ ಫೋನು. ಅತ್ತಲಿಂದ ಬೆಕ್ಕಿನ ಕೂಗು.
‘ಬಿಳಿ ದಾರದಂಥ ಹಿಕ್ಕೆ ಹಾಕುತ್ತಿವೆಯೇ?’ ‘ಇಲ್ಲ.’
‘ಏದುಸಿರು?’ ‘ಇಲ್ಲ.’
‘ನೀನು ಎಲ್ಲಿ ಕೂರುತ್ತೀ?’
‘ಎದುರಿಗೇ. ಕಣ್ಣು ಮಿಟುಕಿಸದೆ.’
ಮುದುಕ ಕೆಮ್ಮು ಬರುವಷ್ಟು ನಕ್ಕ.
‘ತುತ್ತು ಎಣಿಸುವವರ ಮುಂದೆ ಯಾರಮ್ಮಾ ಉಣ್ಣುತ್ತಾರೆ?
ನಾನು ಬೆನ್ನು ತಿರುಗಿಸಿ ಗಡಿಯಾರ ರಿಪೇರಿ ಮಾಡುತ್ತಿದ್ದೆ,
ಇಪ್ಪತ್ತು ವರ್ಷ. ಅವು ಉಂಡದ್ದನ್ನು
ನಾನು ಕಂಡದ್ದೇ ಅಪರೂಪ.’

ಅಂದು ಸಂಜೆ ಕಂಬಳಿ ಬಿಚ್ಚಿದಳು. ಹೊರಗೆ ನಾಲ್ಕಕ್ಕೇ ಕತ್ತಲು.
ಒಂದು ಚಿಟಿಕೆ ಗುಂಡಿಗೆ ಉದುರಿಸಿ
ಕುರ್ಚಿ ತಿರುಗಿಸಿ ಕೂತು
ಬೀಟ್‌ರೂಟ್ ಸೂಪಿಗೆ ರೊಟ್ಟಿ ಅದ್ದಿದಳು.
ಕರಿಗಟ್ಟಿದ ಕಿಟಕಿಯ ಗಾಜಿನಲ್ಲಿ ತೊಟ್ಟಿ ತೇಲುತ್ತಿತ್ತು,
ಹಿಮದ ಮೇಲೆ, ನದಿಯ ಮೇಲೆ,
ಆಚೆ ದಡದ ಬೇರೆ ದೇಶದ ದೀಪಗಳ ಮೇಲೆ.

ಅಲ್ಲೊಂದು ತಟ್ಟೆ ಹೊರಟಿತು.
ವಾಲಿತು. ಮರಳಿಗೆ ಉಫ್ ಎಂದು ಊದಿತು,
ಬಿಸಿ ಹಾಲಿಗೆ ಊದುವ ಹಾಗೆ,
ಎದ್ದ ಚೂರನ್ನು ಹೆಕ್ಕಿತು.
ಹಿಂದೆ ಇನ್ನೊಂದು. ಜಗಳ. ಮತ್ತೆರಡು.
ಕಪ್ಪಿನೊಳಗಿಂದ ನೀಲಿ, ಮೊದಲು ರೆಕ್ಕೆಯಂಚಿನಲ್ಲಿ.

ಚಮಚ ಗಾಳಿಯಲ್ಲೇ ನಿಂತಿತ್ತು.
ಐದು, ಎಂದು ಎಣಿಸಿದಳು. ಎಣಿಸಬಾರದಿತ್ತು.
ಆರನೆಯದು, ಎಲ್ಲಕ್ಕಿಂತ ಚಿಕ್ಕದು,
ಹೀಟರಿನ ಹಿಂದೆಯೇ.

ಹಸಿವೇನೂ ಇರಲಿಲ್ಲ.
ತೈಸಿಯಾ ಇನ್ನೊಂದು ಸೌಟು ಸೂಪು ಬಡಿಸಿಕೊಂಡಳು.